ಕಡಲಾಮೆಯ ಕಾವಲಿನಲ್ಲಿ ನಮ್ಮ ಪಾಲು

ಮಳೆಗಾಲದ ಅಬ್ಬರ ಇಳಿದು ಕಡಲು ಶಾಂತವಾದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ, ನಮ್ಮ ಜಿಲ್ಲೆಯ ಕಡಲ ಕರೆಗೆ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲೆ ತಾಕದ ಎತ್ತರದಲ್ಲಿ ಒಂದೂವರೆ ಅಡಿಯಷ್ಟು ಗುಂಡಿ ತೋಡಿ, ನೂರರ ಆಸುಪಾಸಿನಲ್ಲಿ ಮೊಟ್ಟೆಯಿಟ್ಟು, ಮರಳು ಮುಚ್ಚಿ ಬಂದ ದಾರಿಯಲ್ಲೇ ಮರಳಿ ಹೋಗುತ್ತವೆ. ಮುಂದೆ ಆ ಮೊಟ್ಟೆಗಳ ಗತಿಯೇನು ಎಂಬುದು ಕರೆಯಲ್ಲಿ ವಾಸಿಸುವ ಮನುಷ್ಯರ ಮರ್ಜಿಗೆ ಬಿಟ್ಟದ್ದು. ಹಿಂದೆ ಅವು ಅಡುಗೆ ಮನೆಗೂ ಸಂತೆಗೂ ಹೋಗುತ್ತಿದ್ದುವು. ಅಳಿದುಳಿದವನ್ನು ನಾಯಿ, ನರಿ, ಕಾಗೆಗಳು ಮುಗಿಸುತ್ತಿದ್ದುವು.

ಈ ಸ್ಥಿತಿಯನ್ನು ಬದಲಿಸಲು ಹೊರಟವರಲ್ಲಿ ನೀಲೇಶ್ವರದ ತೈಕಡಪ್ಪುರಂ ಕರೆಯ 'ನೆಯ್ತಲ್' ಎಂಬ ಸೇವಾ ಸಂಸ್ಥೆಯನ್ನು ಮೊದಲು ಹೆಸರಿಸಬೇಕು. ಲಾಭದ ಆಸೆಯಿಲ್ಲದ ಊರವರ ಈ ಕೂಟ ಎರಡು ದಶಕಗಳಿಂದ ಆಮೆಯ ಮೊಟ್ಟೆಗಳನ್ನು ಕಾಯುತ್ತಾ ಬಂದಿದೆ. ಸಂಸ್ಥೆಯ ಹೆಸರೇ ಅರ್ಥವತ್ತಾದುದು. ಹಳೆಯ ತಮಿಳು ಕಾವ್ಯಗಳಲ್ಲಿ ನೆಯ್ತಲ್ ಎಂದರೆ ಕಡಲ ಕರೆಯ ನಾಡು. ಆ ನಾಡಿಗೆ ಹೆಸರು ಕೊಟ್ಟ ಹೂವೇ ನಮ್ಮ ಕನ್ನಡದ ನೈದಿಲೆ. ಹೆಸರು ನಮಗೆ ಅಷ್ಟು ಹತ್ತಿರದ್ದಾಗಿದ್ದರೂ, ಕೆಲಸ ಮಾತ್ರ ನಮ್ಮಲ್ಲಿ ಅನೇಕರಿಗೆ ದೂರದ್ದಾಗಿಯೇ ಉಳಿದಿದೆ. ಇಂದು ನಾವು ಹೇಳಬೇಕೆಂದಿರುವುದು ಈ ದೂರದ ಬಗ್ಗೆಯೇ.

ಮೊಟ್ಟೆ ಕಾಯುವುದೆಂದರೆ ಸುಲಭದ ಕೆಲಸವಲ್ಲ. ರಾತ್ರಿಯಿಡೀ ಕರೆಯುದ್ದಕ್ಕೂ ನಡೆದು ಆಮೆಯ ಹೆಜ್ಜೆಯ ಜಾಡನ್ನು ಹುಡುಕಬೇಕು. ಗೂಡು ಅಪಾಯದ ಜಾಗದಲ್ಲಿದ್ದರೆ ಕೆಲವೇ ಗಂಟೆಗಳೊಳಗೆ ಮೊಟ್ಟೆಗಳನ್ನು ತಿರುಗಿಸದೆ, ಅಲುಗಿಸದೆ ಎತ್ತಿ ತಂದು, ಬೇಲಿ ಕಟ್ಟಿದ ಜಾಗದಲ್ಲಿ ಅಷ್ಟೇ ಆಳಕ್ಕೆ ಹೂಳಬೇಕು. ಮರಿ ಹೊರಬರಲು ನಲವತ್ತೈದರಿಂದ ಅರುವತ್ತು ದಿನ ಬೇಕು. ತಾಯಿ ಆಮೆ ದೂರದಲ್ಲಿದ್ದುಕೊಂಡೇ ನೆನೆದು ನೆನೆದು ಮೊಟ್ಟೆಯನ್ನು ಮರಿ ಮಾಡುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ನಿಜದಲ್ಲಿ ಕಾವು ಕೊಡುವುದು ಮರಳಿನ ಬಿಸಿ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಅದೇ. ಮರಳು ಹೆಚ್ಚು ಕಾದರೆ ಹೆಣ್ಣುಮರಿಗಳೇ ಹೆಚ್ಚು. ಭೂಮಿಯ ಬಿಸಿ ಏರುತ್ತಿರುವ ಈ ಕಾಲದಲ್ಲಿ ಇದೂ ಒಂದು ಚಿಂತೆ. ಹೊರಬಂದ ಮರಿ ಬೆಳಕಿದ್ದ ಕಡೆಗೆ ಓಡುತ್ತದೆ. ಕತ್ತಲ ಕರೆಯಲ್ಲಾದರೆ ಆ ಬೆಳಕು ಕಡಲಿನದು. ರಸ್ತೆಯ ಪ್ರಖರ ದೀಪಗಳಿದ್ದಲ್ಲಿ ಮರಿ ದಾರಿ ತಪ್ಪಿ ಒಣಗಿ ಸಾಯುತ್ತದೆ.

"ಒಂದು ಆಮೆ ಉಳಿದರೆಷ್ಟು, ಅಳಿದರೆಷ್ಟು? ಬಡ ಬೆಸ್ತನ ಹೊಟ್ಟೆಗೇನು ಬಂತು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರವೂ ಹೊಟ್ಟೆಗೆ ಸಂಬಂಧಪಟ್ಟದ್ದೇ. 2019ರಲ್ಲಿ ಅಮೇರಿಕವು ನಮ್ಮ ದೇಶದ ಕಡಲಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಲ್ಲಿಸಿತು. ಕಾರಣ, ನಮ್ಮ ಟ್ರಾಲ್ ಬಲೆಗಳಲ್ಲಿ ಆಮೆ ಪಾರಾಗಿ ಹೋಗುವ ಕಿಂಡಿಯ ಏರ್ಪಾಡು ಇಲ್ಲದಿದ್ದುದು. ಆಮೆಗೂ ನಮ್ಮಂತೆ ಗಾಳಿಯೇ ಉಸಿರು. ಬಲೆಯೊಳಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಲ್ಲೇ ಉಸಿರುಗಟ್ಟಿ ಸಾಯುತ್ತದೆ. ಅಂತಹ ಕಿಂಡಿಯ ಸಾಧನವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ಜಾಣ್ಮೆ ನಮ್ಮಲ್ಲಿತ್ತು, ಬಳಕೆ ಇರಲಿಲ್ಲ. ಆಮೆಯ ಸಾವು ಕೊನೆಗೆ ಸಿಗಡಿಯ ಬೆಲೆಗೆ ಬಂದು ತಟ್ಟಿತು.

ಆದರೆ ಸೇವಾ ಸಂಸ್ಥೆಯೊಂದೇ ಎಲ್ಲವನ್ನೂ ಮಾಡಲಾರದು. ಇದಕ್ಕೆ ಕಲ್ಲಿಕೋಟೆ ಜಿಲ್ಲೆಯ ಪಯ್ಯೋಳಿಯ ಬಳಿಯ ಕೊಳಾವಿಪ್ಪಾಲಂ ಸಾಕ್ಷಿ. ಅಲ್ಲಿ 1992ರಲ್ಲಿ ಬೆಸ್ತರ ಮನೆಗಳ ಯುವಕರು ಪತ್ರಿಕೆಯ ಲೇಖನವೊಂದನ್ನು ಓದಿ ಎಚ್ಚತ್ತು, 'ತೀರಂ' ಎಂಬ ಸಮಿತಿ ಕಟ್ಟಿ ಆಮೆಗಳ ರಕ್ಷಣೆಗಿಳಿದರು. ಮೊಟ್ಟೆ ತಿನ್ನುತ್ತಿದ್ದ ಊರೇ ಮೊಟ್ಟೆ ಕಾಯುವ ಊರಾಯಿತು. ನಾಡಿನ ನಾನಾ ಕಡೆಯಿಂದ ಜನ ನೋಡಲು ಬಂದರು. ಆದರೆ ಹತ್ತಿರದ ಅಳಿವೆಯಲ್ಲಿ ನಡೆದ ಮರಳುಗಾರಿಕೆಯಿಂದ ಕರೆ ಸವೆಯಿತು, ಕಡಲು ನುಗ್ಗಿತು, ಮರಳ ಹಾಸು ಕಿರಿದಾಯಿತು. ಆಮೆಗಳು ಬರುವುದೂ ಕಡಿಮೆಯಾಯಿತು. ಕಾವಲುಗಾರರು ಎಷ್ಟೇ ನಿಷ್ಠಾವಂತರಿದ್ದರೂ, ಕಾಯಬೇಕಾದ ನೆಲವೇ ಇಲ್ಲವಾದರೆ ಮಾಡುವುದೇನು? ಈ ಪಾಠವನ್ನು ನಮ್ಮ ಜಿಲ್ಲೆ ಮರೆಯಬಾರದು. ಅಳಿವೆಯ ಮರಳು ಅಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಅಲೆಗಳು ಅದನ್ನೇ ಒಯ್ದು ಕರೆಯನ್ನು ಕಟ್ಟುತ್ತವೆ.

ಕಡಲ್ಕೊರೆತದ ಮಾತು ಬಂದಾಗ ಕಲ್ಲಿನ ಗೋಡೆಯ ಮಾತು ಬಂದೇ ಬರುತ್ತದೆ. ಆಷಾಢದ ಅಲೆ ಅಂಗಳಕ್ಕೆ ನುಗ್ಗಿದಾಗ ಮಕ್ಕಳನ್ನು ಎತ್ತಿಕೊಂಡು ಓಡುವ ತಾಯಿಗೆ ಆಮೆಯ ಉಪದೇಶ ಮಾಡಲು ನಾವು ಸಿದ್ಧರಿಲ್ಲ. ಮನೆಗಳಿರುವಲ್ಲಿ ರಕ್ಷಣೆ ಬೇಕು, ಅದೂ ಮಳೆಗಾಲಕ್ಕೆ ಮುಂಚೆ ಬೇಕು. ಆದರೆ ಒಂದೆಡೆ ಕಟ್ಟಿದ ಗೋಡೆ ಕೊರೆತವನ್ನು ಪಕ್ಕದ ಕರೆಗೆ ತಳ್ಳುತ್ತದೆ ಎಂಬುದು ಕಡಲ ಕರೆಯವರೆಲ್ಲ ಕಣ್ಣಾರೆ ಕಂಡ ಸತ್ಯ. ಗೋಡೆಯಿರುವಲ್ಲಿ ಆಮೆ ಹತ್ತಲಾರದು, ಕೈರಂಪಣಿ ಬಲೆ ಎಳೆಯುವುದಕ್ಕೂ ದೋಣಿ ಎಳೆದಿಡುವುದಕ್ಕೂ ಜಾಗವಿರದು. ಆಮೆಗೆ ಬೇಕಾದ ಮರಳ ಹಾಸೇ ಬೆಸ್ತನಿಗೂ ಬೇಕು. ಆದುದರಿಂದ ಮನೆಗಳಿಲ್ಲದೆ ತೆರೆದಿರುವ ಕರೆಯನ್ನಾದರೂ ಗೋಡೆಯಿಂದಲೂ ಮರಳು ಲಾರಿಗಳಿಂದಲೂ ಉಳಿಸಬೇಕೆಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯದು ಭಾಷೆಯ ಮಾತು. ಚಂದ್ರಗಿರಿಯಿಂದ ಉತ್ತರಕ್ಕೆ ಮೊಗ್ರಾಲ್, ಕುಂಬಳೆ, ಉಪ್ಪಳ, ಮಂಜೇಶ್ವರದವರೆಗಿನ ಕರೆಯಲ್ಲಿ ಕನ್ನಡ ಓದುವ, ತುಳು ಮಾತಾಡುವ ಮೊಗವೀರ ಮನೆಗಳು ತಲೆಮಾರುಗಳಿಂದ ಬಾಳಿವೆ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಕೊಂದರೆ, ಅದರ ಮೊಟ್ಟೆ ಕದ್ದರೆ ಕನಿಷ್ಠ ಮೂರು ವರ್ಷ ಸೆರೆವಾಸ. ಇಷ್ಟು ಕಠಿಣವಾದ ಕಾಯಿದೆಯನ್ನು ಜನರಿಗೆ ಅವರು ಓದಬಲ್ಲ ಭಾಷೆಯಲ್ಲಿ ತಿಳಿಸುವುದು ಉಪಕಾರವಲ್ಲ, ಕರ್ತವ್ಯ. ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಕರೆಯಲ್ಲಿ ನೆಡುವ ಫಲಕ, ಶಾಲೆಗೆ ಕಳುಹಿಸುವ ಕರಪತ್ರ, ಬಲೆಗೆ ಆಮೆ ಸಿಕ್ಕಾಗ ಯಾರಿಗೆ ತಿಳಿಸಬೇಕೆಂಬ ಸೂಚನೆ, ಇವೆಲ್ಲ ಮಲಯಾಳದೊಂದಿಗೆ ಕನ್ನಡದಲ್ಲಿಯೂ ಬರಲಿ. ಸೇವಾ ಸಂಸ್ಥೆಗಳವರಿಗೂ ನಮ್ಮ ವಿನಂತಿ ಇದೇ: ತರ್ಜುಮೆಗೆ ಕೈ ನೀಡಲು ನಮ್ಮಲ್ಲಿ ಅಧ್ಯಾಪಕರಿದ್ದಾರೆ, ಗ್ರಂಥಾಲಯಗಳಿವೆ, ಯುವಕ ಸಂಘಗಳಿವೆ. ಕೇಳಿದರೆ ಇಲ್ಲವೆನ್ನುವವರಲ್ಲ.

ಇಲ್ಲಿ ಇನ್ನೊಂದು ಮಾತು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಸಮಿತಿಯೊಂದಿರಬೇಕು, ಊರಿನ ಜೀವರಾಶಿಯ ದಾಖಲೆ ಪುಸ್ತಕವೂ ಇರಬೇಕು. ನಮ್ಮ ಬೆಸ್ತರಿಗೆ ಮೀನಿನ ಹೆಸರು, ಗಾಳಿಯ ಹೆಸರು, ನೀರಿನ ಬಣ್ಣದ ಹೆಸರು ತುಳುವಿನಲ್ಲಿ, ಕನ್ನಡದಲ್ಲಿ ಬಾಯಿಪಾಠವಾಗಿವೆ. ಅವನ್ನು ಆ ಪುಸ್ತಕಕ್ಕೆ ಸೇರಿಸದಿದ್ದರೆ ಈ ಹಿರಿಯರೊಂದಿಗೇ ಅವೂ ಹೋಗುತ್ತವೆ. ಜೀವಿಯೊಂದು ಅಳಿದರೆ ಅದರ ಹೆಸರೂ ಅಳಿಯುತ್ತದೆ. ಹೆಸರು ಮರೆತರೆ ಆ ಜೀವಿ ಅಳಿದದ್ದೂ ಯಾರ ಗಮನಕ್ಕೂ ಬಾರದು.

ನಮ್ಮ ಜಿಲ್ಲೆ 2023ರಲ್ಲಿ ತನ್ನದೇ ಆದ ಮರ, ಹೂ, ಹಕ್ಕಿ, ಜೀವಿಗಳನ್ನು ಘೋಷಿಸಿಕೊಂಡು ಮಾದರಿಯಾಯಿತು. ಮರ ಕಾಸರಕ, ಊರಿಗೆ ಹೆಸರು ಬಂದುದೇ ಅದರಿಂದ ಎಂಬ ಮಾತಿದೆ. ಹಕ್ಕಿ, ಕರೆಯ ಎತ್ತರದ ಮರಗಳಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು. ಘೋಷಣೆ ಒಳ್ಳೆಯದೇ. ಆದರೆ ಹದ್ದು ಘೋಷಣೆಯ ಮೇಲೆ ಗೂಡು ಕಟ್ಟುವುದಿಲ್ಲ. ಗೂಡಿರುವ ಮರವನ್ನು ಕಡಿಯದಿರುವ ಮನೆಯವರೇ ಆ ಘೋಷಣೆಯನ್ನು ನಿಜ ಮಾಡುವವರು.

ಕಡಲಿಗೆ ತಲಪಾಡಿಯ ಗಡಿಕಲ್ಲು ತಿಳಿಯದು. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ಕರೆಗಳಲ್ಲಿ ಆಮೆಯ ಗೂಡುಗಳು ಕಂಡುವು. ಅಲ್ಲಿಯ ಅರಣ್ಯ ಇಲಾಖೆ ಊರ ಬೆಸ್ತರ ನೆರವಿನಿಂದ ಅವುಗಳನ್ನು ಕಾಯಿತು. ದಕ್ಷಿಣಕ್ಕೆ ನೀಲೇಶ್ವರದಲ್ಲಿ ಕಾವಲಿದೆ, ಉತ್ತರಕ್ಕೆ ಮಂಗಳೂರಿನಲ್ಲಿ ಕಾವಲಿದೆ. ನಡುವಿನ ನಮ್ಮ ಕರೆಯಲ್ಲೂ ಅಂತಹ ಕಾವಲು ಬೇರೂರಬೇಕು. ಇದು ಮಲಯಾಳಿಗಳ ಕೆಲಸ, ಅದು ಕರ್ನಾಟಕದವರ ಕೆಲಸ ಎಂದು ನಾವು ಕೈಕಟ್ಟಿ ಕುಳಿತರೆ, ಹಕ್ಕು ಕೇಳುವಾಗ ಮಾತ್ರ ಈ ಮಣ್ಣಿನವರು, ಹೊಣೆ ಹೊರುವಾಗ ಅಲ್ಲ ಎಂದಂತಾಗುವುದಿಲ್ಲವೆ?

ಮಾಡಬೇಕಾದುದು ದೊಡ್ಡದೇನಲ್ಲ. ಮೊಟ್ಟೆಯ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೋ ಸಂಸ್ಥೆಯವರಿಗೋ ಸುದ್ದಿ ಮುಟ್ಟಿಸುವುದು. ಆಮೆ ಬರುವ ತಿಂಗಳುಗಳಲ್ಲಿ ಕಡಲಿಗೆ ಮುಖ ಮಾಡಿದ ದೀಪಗಳನ್ನು ರಾತ್ರಿ ಆರಿಸುವುದು. ಹರಿದ ಬಲೆಯನ್ನು ಕಡಲಿಗೆಸೆಯದೆ ದಡಕ್ಕೆ ತರುವುದು. ಶಾಲೆಯ ಮಕ್ಕಳನ್ನು ಒಮ್ಮೆಯಾದರೂ ತೈಕಡಪ್ಪುರಂಗೆ ಕರೆದೊಯ್ಯುವುದು. ಕರೆಯ ಪಂಚಾಯತುಗಳು ಬೆಸ್ತ ಯುವಕರ ಪಡೆಯೊಂದನ್ನು ಕಟ್ಟಿ, ಅವರ ರಾತ್ರಿಯ ದುಡಿಮೆಗೆ ತಕ್ಕ ಗೌರವಧನ ಕೊಡುವುದು. ಹೊಟ್ಟೆಗಿಲ್ಲದವನ ಉತ್ಸಾಹ ಎಷ್ಟು ರಾತ್ರಿ ಬಾಳೀತು?

ಈ ದಡದಲ್ಲಿ ಹುಟ್ಟಿದ ಹೆಣ್ಣು ಮರಿ ಬೆಳೆದು ಮೊಟ್ಟೆಯಿಡಲು ಹತ್ತಾರು ವರ್ಷ ಬೇಕು. ಆಗ ಅದು ಹುಡುಕಿ ಬರುವುದು ಹುಟ್ಟಿದ ಸೀಮೆಯ ಕರೆಯನ್ನೇ. ಅಷ್ಟು ಹೊತ್ತಿಗೆ ಇಲ್ಲಿ ಮರಳು ಉಳಿದಿರಬೇಕು, ಕಾಯುವವರೂ ಇರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತುಗಳೂ ಸಂಘಸಂಸ್ಥೆಗಳೂ ಮುಂದಿನ ನವೆಂಬರಿಗೆ ಮುಂಚಿತವಾಗಿ ಈ ಬಗ್ಗೆ ಸಭೆ ಸೇರಿ ತೀರ್ಮಾನಿಸುವುವೆಂದು ನಾವು ಆಶಿಸುತ್ತೇವೆ.