ಬೋಗಿಗೆ ಬಂದ ನಕ್ಷೆ ಕಾರಿಗೆ ಬರಲಿಲ್ಲ

ಚೆನ್ನೈನ ಪೆರಂಬೂರಿನ ಯಾವುದೇ ಗಲ್ಲಿಯ ಗ್ಯಾರೇಜಿನಲ್ಲಿ ಈಗ ಕಾಣಸಿಗುವ ನೋಟವಿದು. ಐದಾರು ವರ್ಷ ಹಳೆಯ ಕಾರೊಂದನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದಾರೆ, ಹಿಂದಿನ ಚಕ್ರ ಕಳಚಿದ್ದಾರೆ. ಆಗಬೇಕಾದ್ದು ಬ್ರೇಕ್ ಪ್ಯಾಡ್ ಬದಲಿಸುವ ಕೆಲಸ. ಹಿಂದಿನ ಕಾರುಗಳಲ್ಲಿ ಅದು ಅರ್ಧ ಗಂಟೆಯ ಮಾತು. ಎರಡು ಬೋಲ್ಟು ಬಿಚ್ಚಿ, ಕ್ಯಾಲಿಪರ್ ಎತ್ತಿ, ಪಿಸ್ಟನ್ನನ್ನು ಒಳಕ್ಕೆ ತಳ್ಳಿ, ಹೊಸ ಪ್ಯಾಡು ಕೂರಿಸಿದರೆ ಮುಗಿಯಿತು. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಲಿವರ್ ಇಲ್ಲ, ಅದರ ಜಾಗದಲ್ಲೊಂದು ಗುಂಡಿ ಇದೆ. ಗುಂಡಿ ಒತ್ತಿದರೆ ಕ್ಯಾಲಿಪರಿಗೆ ಅಂಟಿಕೊಂಡ ಪುಟ್ಟ ಮೋಟಾರು ತಿರುಗಿ ಪ್ಯಾಡನ್ನು ಬಿಗಿಯುತ್ತದೆ. ಆ ಮೋಟಾರು ಹಿಂದೆ ಸರಿಯದೆ ಪಿಸ್ಟನ್ ಒಳಗೆ ಹೋಗುವುದಿಲ್ಲ. ಬಹಳಷ್ಟು ಮಾದರಿಗಳಲ್ಲಿ ಅದನ್ನು ಹಿಂದೆ ಸರಿಸಲು ಸ್ಕ್ಯಾನರ್ ಜೋಡಿಸಿ ಕಾರಿನ ಕಂಪ್ಯೂಟರಿಗೆ ಅಪ್ಪಣೆ ಕೊಡಬೇಕು. ಒತ್ತಾಯದಿಂದ ತಳ್ಳಿದರೆ ಮೋಟಾರೇ ಹಾಳು.

ಮೂವತ್ತು ವರ್ಷ ಬ್ರೇಕು ಬಿಚ್ಚಿದ ಕೈಗೆ ಕೆಲಸ ಗೊತ್ತಿಲ್ಲವೆಂದಲ್ಲ. ಬೋಲ್ಟು ಅದೇ, ಪ್ಯಾಡು ಅದೇ, ಸವೆಯುವ ರೀತಿಯೂ ಅದೇ. ನಡುವೆ ಬಂದಿರುವುದು ಒಂದು ಮಾತು, ಅಷ್ಟೆ. ಅದನ್ನು ಕಾರಿಗೆ ಹೇಳುವ ಅಧಿಕಾರ ಯಾರಿಗಿದೆ ಎಂಬುದೇ ಜಗತ್ತಿನ ಹಲವು ದೇಶಗಳಲ್ಲಿ ‘ದುರಸ್ತಿಯ ಹಕ್ಕು’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಜಗಳದ ತಿರುಳು.

ಈ ಜಗಳವನ್ನು ನೋಡಲು ಪೆರಂಬೂರಿಗಿಂತ ತಕ್ಕ ಊರು ಬೇರೆ ಸಿಗಲಿಕ್ಕಿಲ್ಲ. ದುರಸ್ತಿ ಇಲ್ಲಿನ ಕುಲಕಸುಬು. ಮದ್ರಾಸ್ ರೈಲ್ವೆ ಕಂಪನಿ ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ ಕಾರ್ಯಾಗಾರ ಹೂಡಿತು. ಇಂದಿನ ಲೋಕೊ ವರ್ಕ್ಸ್, ಕ್ಯಾರೇಜ್ ವರ್ಕ್ಸ್‌ಗಳ ಬೇರು ಅಲ್ಲಿದೆ. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಇಲ್ಲಿಯೇ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು (ಐಸಿಎಫ್) ಉದ್ಘಾಟಿಸಿದರು. ಐಸಿಎಫ್ ಬೋಗಿಯ ವಿನ್ಯಾಸ ಬಂದದ್ದು ಸ್ವಿಟ್ಜರ್ಲೆಂಡಿನ ಶ್ಲೀರೆನ್‌ನ ಕಂಪನಿಯಿಂದ. ಬೋಗಿ ಕೊಟ್ಟು ಕೈತೊಳೆದುಕೊಂಡ ವ್ಯಾಪಾರವಲ್ಲ ಅದು. ತಾಂತ್ರಿಕ ಸಹಯೋಗದ ಒಪ್ಪಂದದಡಿ ಅದನ್ನು ಕಟ್ಟುವ ವಿದ್ಯೆಯೂ ಇಲ್ಲಿಗೆ ಬಂತು. ಹಾಗಾಗಿ ಪೆರಂಬೂರಿನಲ್ಲಿ ಹುಟ್ಟಿದ ಬೋಗಿಯನ್ನು ಹುಬ್ಬಳ್ಳಿಯ ಕಾರ್ಯಾಗಾರ ಬಿಚ್ಚಿ ಜೋಡಿಸಬಲ್ಲದು, ಮೈಸೂರಿನ ಅಶೋಕಪುರಂ ಕಾರ್ಯಾಗಾರವೂ ಬಲ್ಲದು. ಸ್ಪ್ರಿಂಗು ಎಷ್ಟು ತಗ್ಗಿದರೆ ಬದಲಿಸಬೇಕು, ಚಕ್ರ ಎಷ್ಟು ಸವೆದರೆ ಲೇತಿಗೆ ಹಾಕಬೇಕು ಎಂಬುದು ಅಚ್ಚಾದ ಕೈಪಿಡಿಯಲ್ಲಿದೆ. 2018ರಲ್ಲಿ ಆ ಹಳೆಯ ವಿನ್ಯಾಸದ ತಯಾರಿಕೆ ನಿಂತಿತು, ಓಡುತ್ತಿದ್ದ ಬೋಗಿಗಳು ನಿಲ್ಲಲಿಲ್ಲ.

ರೈಲ್ವೆಯಂಥ ದೊಡ್ಡ ಕೊಳ್ಳುಗ ವಸ್ತುವಿನ ಜೊತೆಗೆ ನಕ್ಷೆಯನ್ನೂ ಕೇಳಿ ಪಡೆಯಬಲ್ಲ. ಆರು ಲಕ್ಷ ಸಾಲ ಮಾಡಿ ಕಾರು ಕೊಳ್ಳುವವರು ಶೋರೂಮಿನ ಮೇಜಿನ ಮುಂದೆ ಕೂತು ಹಾಗೆ ಕೇಳಲಾರರು. ಕೇಳಿದರೂ ಕೊಡುವವರಿಲ್ಲ. ಕಾನೂನು ಬೇಕಾಗುವುದು ಇಲ್ಲಿಯೇ: ಒಬ್ಬೊಬ್ಬರಾಗಿ ಕೇಳಲಾಗದವರ ಪರವಾಗಿ ಒಮ್ಮೆಗೇ ಕೇಳುವುದಕ್ಕೆ.

ಭಾರತದಲ್ಲಿ ಇದನ್ನು ಯಾರೂ ಕೇಳಲೇ ಇಲ್ಲವೆನ್ನುವಂತಿಲ್ಲ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಕೊಟ್ಟರು. ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಎಂಬುದು ದೂರು. ತನಿಖೆಗಿಳಿದ ಆಯೋಗಕ್ಕೆ ಇದು ಮೂರು ಕಂಪನಿಗಳ ಚಾಳಿಯಲ್ಲ, ಇಡೀ ಉದ್ಯಮದ ಪದ್ಧತಿ ಎಂದು ಕಂಡಿತು. ವಿಚಾರಣೆಯ ವ್ಯಾಪ್ತಿ ಹಿಗ್ಗಿತು. 2014ರ ಆಗಸ್ಟ್ 25ರಂದು ಹೊರಬಿದ್ದ ಆದೇಶ 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಟಾಟಾ ಮೋಟಾರ್ಸ್‌ಗೆ 1,346.46 ಕೋಟಿ, ಮಾರುತಿ ಸುಜುಕಿಗೆ 471.14 ಕೋಟಿ, ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ಗೆ 93.38 ಕೋಟಿ. ಚೆನ್ನೈ ಹೊರವಲಯದಲ್ಲಿ ಕಾರು ಕಟ್ಟುವ ಹುಂಡೈ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ ಅದರ ಪ್ರಕರಣ ಬೇರೆಯಾಗಿ ನಡೆದು, 2015ರ ಜುಲೈನಲ್ಲಿ 420.26 ಕೋಟಿ ದಂಡದ ಆದೇಶ ಬಂತು.

ದಂಡದ ಮೊತ್ತ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆದರೆ ಓದಬೇಕಾದ್ದು ಆದೇಶದ ತರ್ಕವನ್ನು. ಕಾರು ಕೊಳ್ಳುವ ಮೊದಲು ಗ್ರಾಹಕನ ಮುಂದೆ ಹತ್ತು ಕಂಪನಿಗಳಿವೆ. ಕೊಂಡ ಮರುದಿನದಿಂದ ಒಂದೇ. ಹೋಂಡಾ ಕಾರಿಗೆ ಮಾರುತಿಯ ಬಾಗಿಲು ಕೂರುವುದಿಲ್ಲ. ಆದ್ದರಿಂದ ಮಾರಾಟದ ಪೇಟೆಯಲ್ಲಿ ಚಿಕ್ಕದಾದ ಕಂಪನಿಯೂ ತನ್ನ ಬಿಡಿಭಾಗಗಳ ಪೇಟೆಯಲ್ಲಿ ಏಕಸ್ವಾಮಿಯೇ ಎಂದು ಆಯೋಗ ಹೇಳಿತು. ಹೆಚ್ಚು ಮಾರಾಟವಾಗುವ 50 ಬಿಡಿಭಾಗಗಳನ್ನು ತೂಗಿ ನೋಡಿದಾಗ, ಖರೀದಿ ಬೆಲೆಯ ಮೇಲೆ ಏರಿಸಿದ ಪ್ರಮಾಣ ಸುಮಾರು ಶೇ 100ರಿಂದ ಶೇ 5,000ದವರೆಗೂ ಇತ್ತೆಂದು ಅದು ಲೆಕ್ಕ ಕೊಟ್ಟಿತು.

ಈ ಬೆಲೆ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಪೆರಂಬೂರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಾಕು. ಪಾಡಿ, ಅಂಬತ್ತೂರು ಕೈಗಾರಿಕಾ ವಲಯ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ತವರು. ಕಾರು ಕಂಪನಿ ತನ್ನ ಕಾರಿನ ಭಾಗಗಳನ್ನೆಲ್ಲ ತಾನೇ ಮಾಡುವುದಿಲ್ಲ, ಇಂಥ ಪೂರೈಕೆದಾರರಿಂದ ಕೊಳ್ಳುತ್ತದೆ. ಅದೇ ಭಾಗವನ್ನು ಪೂರೈಕೆದಾರ ನೇರವಾಗಿ ಪೇಟೆಗೆ ಬಿಡದಂತೆ ಕರಾರಿನಲ್ಲಿ ಕಟ್ಟಿಹಾಕಲಾಗಿತ್ತು ಎಂಬುದು ತನಿಖೆಯಲ್ಲಿ ಬಯಲಾದ ಸಂಗತಿ. ಪಕ್ಕದ ಬಡಾವಣೆಯಲ್ಲಿ ತಯಾರಾದ ಭಾಗವೇ ಆದರೂ ಅದು ಕಂಪನಿಯ ಗೋದಾಮಿಗೆ ಹೋಗಿ, ಕಂಪನಿಯ ಡಬ್ಬಿ ಸೇರಿ, ಹೊಸ ಬೆಲೆ ಹೊತ್ತು, ಅಧಿಕೃತ ಡೀಲರರ ಕಪಾಟಿನಲ್ಲಿ ಕೂರಬೇಕು. ಗಲ್ಲಿಯ ಗ್ಯಾರೇಜಿಗೆ ಆ ಕಪಾಟು ತೆರೆಯುವುದಿಲ್ಲ. ಆಮೇಲೆ ಆ ಮೆಕ್ಯಾನಿಕ್ ಡುಪ್ಲಿಕೇಟ್ ಹಾಕಿದನೆಂದು ದೂರುತ್ತಾರೆ. ಒರಿಜಿನಲ್ ಮಾರದೆ ಇಟ್ಟವರೇ ಡುಪ್ಲಿಕೇಟಿಗೆ ಪೇಟೆ ಕಟ್ಟಿಕೊಟ್ಟರು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಆಯೋಗದ ನಿರ್ದೇಶನಗಳು ಸ್ಪಷ್ಟವಾಗಿದ್ದವು. ಬಿಡಿಭಾಗ, ಉಪಕರಣ, ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು. ಪೂರೈಕೆದಾರರು ಮುಕ್ತವಾಗಿ ಮಾರಬೇಕು. ವಿನ್ಯಾಸದ ಹಕ್ಕು ಕಂಪನಿಯದಾದರೆ ಅದು ರಾಯಧನ ಪಡೆಯಲಿ. ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ. ಆ ದುರಸ್ತಿಯ ತಪ್ಪಿನಿಂದಲೇ ಹಾನಿಯಾಗಿದ್ದರೆ ಅಷ್ಟರ ಮಟ್ಟಿಗೆ ನಿರಾಕರಿಸಬಹುದು. ಈ ಕೊನೆಯ ಮಾತು ಇಂದಿಗೂ ಬಹುಪಾಲು ಕಾರು ಮಾಲೀಕರ ಕಿವಿಗೆ ಬಿದ್ದಿಲ್ಲ. ‘ಹೊರಗೆ ಬಾನೆಟ್ ತೆಗೆಸಿದರೆ ವಾರಂಟಿ ಹೋಯಿತು’ ಎಂಬ ಭಯದಲ್ಲೇ ಅವರು ವರ್ಷಗಳನ್ನು ಕಳೆಯುತ್ತಾರೆ.

ಮುಂದೆ ಆದದ್ದು ಮೇಲ್ಮನವಿಗಳ ಸರಣಿ. 2016ರ ಡಿಸೆಂಬರ್‌ನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ ಟೊಯೋಟಾ, ಫೋರ್ಡ್, ನಿಸಾನ್‌ಗಳ ಪ್ರಕರಣದಲ್ಲಿ ಆಯೋಗದ ನಿಲುವನ್ನು ಎತ್ತಿಹಿಡಿದು ದಂಡದ ಲೆಕ್ಕವನ್ನು ಇಳಿಸಿತು. ವ್ಯಾಜ್ಯ ಅಲ್ಲಿಗೂ ಮುಗಿಯದೆ ಸುಪ್ರೀಂ ಕೋರ್ಟಿಗೆ ಹೋಯಿತು. ಬೇರೆ ಕಂಪನಿಗಳು ದೆಹಲಿ ಹೈಕೋರ್ಟಿನಲ್ಲಿ ಹೋರಾಡಿದವು. ನ್ಯಾಯಾಲಯಕ್ಕೆ ಹೋಗುವುದು ಅವುಗಳ ಹಕ್ಕು, ತಪ್ಪೇನಿಲ್ಲ. ಆದರೆ ಸ್ಪರ್ಧಾ ಕಾಯ್ದೆಯ ದಾರಿಯ ಮಿತಿಯೂ ಇಲ್ಲೇ ಕಾಣುತ್ತದೆ. ಅದು ಆಗಿಹೋದ ತಪ್ಪಿಗೆ ಶಿಕ್ಷೆ ಕೊಡುವ ಕಾನೂನು. ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಬರುವ ಕಾರಿನ ಮಾಹಿತಿಯನ್ನು ಎಷ್ಟು ದಿನದೊಳಗೆ, ಎಷ್ಟು ಬೆಲೆಗೆ ಕೊಡಬೇಕೆಂದು ಹೇಳಲು ಬೇರೆ ಕಾನೂನೇ ಬೇಕು.

ಈ ನಡುವೆ ಕಾರು ತಾನೇ ಬದಲಾಯಿತು. 2020ರ ಏಪ್ರಿಲ್‌ನಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಕಟ್ಟಿಕೊಂಡರೆ, ಮಸಿಯನ್ನು ಸುಟ್ಟು ಹೊರಹಾಕುವಂತೆ ಎಂಜಿನ್ನಿಗೆ ಹೇಳುವುದಕ್ಕೂ ಸ್ಕ್ಯಾನರೇ ಬೇಕು. ಇಂಜೆಕ್ಟರ್ ಬದಲಿಸಿದರೆ ಅದರ ತಲೆಯ ಮೇಲೆ ಕೆತ್ತಿದ ಅಕ್ಷರ, ಅಂಕಿಗಳ ಸಂಕೇತವನ್ನು ಹಲವು ಕಾರುಗಳಲ್ಲಿ ಕಂಪ್ಯೂಟರಿಗೆ ಬರೆಯಬೇಕು. ಬರೆಯದಿದ್ದರೆ ಎಂಜಿನ್ ನಡುಗುತ್ತದೆ, ಹೊಗೆಯುಗುಳುತ್ತದೆ. ಬೇರೆ ಬೇರೆ ಕಂಪನಿಗಳ ಕಾರುಗಳಿಗೆ ಹೊಂದುವ ಸ್ಕ್ಯಾನರುಗಳು ಪೇಟೆಯಲ್ಲಿ ಸಿಗುತ್ತವೆ. ಕೆಲವು ದೋಷದ ಸಂಕೇತ ಓದುತ್ತವೆ, ಹೊಸದನ್ನು ಬರೆಯಲಾರವು. ಕಾಯಿಲೆಯ ಹೆಸರು ತಿಳಿದೂ ಮದ್ದು ಕೊಡಲಾಗದ ಸ್ಥಿತಿ ಮೆಕ್ಯಾನಿಕ್‌ನದು.

ಕಾರು ಕಂಪನಿಗಳ ಆಕ್ಷೇಪಗಳನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. ಮುಖ್ಯವಾದುದು ಸುರಕ್ಷತೆ. ಏರ್‌ಬ್ಯಾಗಿನ ಸಂಪರ್ಕವನ್ನು ಅರೆಬರೆ ಜೋಡಿಸಿದರೆ ಪ್ರಾಣವೇ ಹೋದೀತು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಕೈಯಿಟ್ಟವರು ಸುಟ್ಟುಹೋದಾರು. ನಿಜ. ಆದರೆ ಅಪಾಯದ ಯಂತ್ರವನ್ನು ಕೈಪಿಡಿಯಿಲ್ಲದೆ ಬಿಚ್ಚುವುದು ಇನ್ನೂ ದೊಡ್ಡ ಅಪಾಯ. ಏರ್‌ಬ್ಯಾಗ್ ಬಿಚ್ಚುವ ಮೊದಲು ಬ್ಯಾಟರಿ ತಂತಿ ಕಳಚಿ ಎಷ್ಟು ನಿಮಿಷ ಕಾಯಬೇಕೆಂಬುದು ಗುಟ್ಟಾಗಿದ್ದರೆ ಯಾರ ಜೀವ ಉಳಿಯುತ್ತದೆ? ವಾರಂಟಿ ಮುಗಿದ ಕಾರುಗಳು ಹೆಚ್ಚಾಗಿ ಸಣ್ಣ ಗ್ಯಾರೇಜುಗಳಿಗೇ ಬರುತ್ತವೆ. ಮಾಹಿತಿ ಮುಚ್ಚಿಟ್ಟರೂ ಆ ಹರಿವು ನಿಲ್ಲುವುದಿಲ್ಲ, ಕೆಲಸ ಊಹೆಯ ಮೇಲೆ ನಡೆಯುತ್ತದೆ. ಕಂಪನಿಗಳ ಈ ಸುರಕ್ಷತೆಯ ವಾದ ಆಯೋಗದ ಮುಂದೆಯೂ ಬಂದಿತ್ತು, 2014ರ ಆದೇಶದಲ್ಲಿ ಆಯೋಗ ಅದನ್ನು ಒಪ್ಪಲಿಲ್ಲ.

ಕಳ್ಳತನದ ಆಕ್ಷೇಪಕ್ಕೆ ಇನ್ನೂ ತೂಕವಿದೆ. ಹೊಸ ಕೀಲಿಯನ್ನು ಕಾರಿಗೆ ಪರಿಚಯಿಸುವ ಸಂಕೇತ ಎಲ್ಲರ ಕೈಗೆ ಸಿಗಬಾರದು. 2022ರ ಜುಲೈ 1ರಂದು ಜಾರಿಗೆ ಬಂದ ಆಸ್ಟ್ರೇಲಿಯಾದ ಕಾನೂನು ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಅಲ್ಲಿ ಸಾಮಾನ್ಯ ದುರಸ್ತಿಯ ಮಾಹಿತಿಯನ್ನು ನ್ಯಾಯವಾದ ಬೆಲೆಗೆ ಎಲ್ಲ ಗ್ಯಾರೇಜುಗಳಿಗೂ ಕೊಡಲೇಬೇಕು. ಕೀಲಿಯಂಥ ಭದ್ರತೆಯ ಮಾಹಿತಿಯನ್ನು ಹಿನ್ನೆಲೆ ಪರಿಶೀಲಿಸಿದವರಿಗೆ ಮಾತ್ರ ಕೊಡುತ್ತಾರೆ. ಕೊಡದ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ ಬೀಳಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಜನರೇ ಮತ ಹಾಕಿ, ಶೇ 86ರಷ್ಟು ಬಹುಮತದಿಂದ ದುರಸ್ತಿಯ ಹಕ್ಕನ್ನು ಗೆದ್ದುಕೊಂಡರು. 2020ರಲ್ಲಿ ಅವರು ಮತ್ತೊಮ್ಮೆ ಮತಗಟ್ಟೆಗೆ ಹೋಗಬೇಕಾಯಿತು. ಮೊದಲ ಕಾನೂನು ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಜೋಡಿಸುವ ಸಾಕೆಟ್ಟಿನ ಬಗ್ಗೆ ಮಾತಾಡಿತ್ತು, ಅಷ್ಟರಲ್ಲಿ ಕಾರುಗಳು ತಮ್ಮ ಆರೋಗ್ಯದ ವರದಿಯನ್ನು ತಂತಿಯಿಲ್ಲದೆ ನೇರ ಕಂಪನಿಗೆ ಕಳಿಸತೊಡಗಿದ್ದವು. ಭಾರತ ಬರೆಯುವ ಕಾನೂನು ಈ ಎರಡನೆಯ ಪಾಠದಿಂದಲೇ ಶುರುವಾಗುವುದು ಲೇಸು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತುಗಳ ಜೊತೆಗೆ ವಾಹನಗಳನ್ನೂ ಸೇರಿಸಿತು. ಅದೇ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಮಾಹಿತಿಗೊಂದು ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಅಲ್ಲಿ ಕಂಪನಿಗಳು ಕೊಡುವುದು ಅವುಗಳ ಮನಸ್ಸಿಗೆ ಬಂದಷ್ಟು. ಕೊಡದಿದ್ದರೆ ಕೇಳುವ ಕಾಯ್ದೆಯಿಲ್ಲ.

ಕಾಯ್ದೆಯ ಅಗತ್ಯ ತೀರಾ ನಗ್ನವಾಗಿ ಕಾಣುವುದು ಕಂಪನಿಯೇ ಬಾಗಿಲು ಹಾಕಿದಾಗ. ಚೆನ್ನೈ ಇದನ್ನು ಎರಡು ಸಲ ಕಂಡಿದೆ. ನಗರದ ದಕ್ಷಿಣದಂಚಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ಸ್ ಎಂಬ ಕಾರ್ಖಾನೆ ಹೆರಾಲ್ಡ್ ಕಾರು ಕಟ್ಟುತ್ತಿತ್ತು. 1985ರಲ್ಲಿ ಬಿಡುಗಡೆಯಾದ ಸ್ಟ್ಯಾಂಡರ್ಡ್ 2000 ಸೋತು, ಆ ದಶಕದ ಕೊನೆಗೆ ತಯಾರಿಕೆಯೇ ನಿಂತಿತು. ಅಷ್ಟಾದರೂ ಹೆರಾಲ್ಡ್‌ಗಳು ಇನ್ನೂ ಅಲ್ಲಲ್ಲಿ ಓಡುತ್ತವೆ. ಸವೆದ ಬುಶ್ಶನ್ನು ಲೇತಿನಲ್ಲಿ ಹೊಸದಾಗಿ ಕಡೆಯಬಹುದು. ಸಿಗದ ಭಾಗವನ್ನು ಪುದುಪೇಟೆಯ ಹಳೆ ಸಾಮಾನಿನ ಅಂಗಡಿಸಾಲಿನಲ್ಲಿ, ನಮ್ಮ ಬೆಂಗಳೂರಿನಲ್ಲಾದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಕಬ್ಬಿಣ ತನ್ನ ಗುಟ್ಟನ್ನು ನೋಡುವ ಕಣ್ಣಿಗೆ ಬಿಟ್ಟುಕೊಡುತ್ತದೆ.

ಎರಡನೆಯದು 2021ರ ಸೆಪ್ಟೆಂಬರ್. ಮರೈಮಲೈನಗರದಲ್ಲಿ ಕಾರು ಕಟ್ಟುತ್ತಿದ್ದ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಬಿಡಿಭಾಗ, ಸರ್ವಿಸು ಮುಂದುವರಿಸುವ ಭರವಸೆಯನ್ನೂ ಕೊಟ್ಟಿತು. ಅದು ಕಂಪನಿ ತಾನಾಗಿ ಕೊಟ್ಟ ಮಾತು. ಯಾವ ಕಾಯ್ದೆಯೂ ಅದರಿಂದ ಕಾರಿನ ಸಾಫ್ಟ್‌ವೇರನ್ನಾಗಲಿ, ವೈರಿಂಗ್ ನಕ್ಷೆಯನ್ನಾಗಲಿ ಕೇಳಲಿಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡಿನ ಬುಶ್ಶಿನಂತೆ ಕಂಪ್ಯೂಟರಿನ ಸಂಕೇತವನ್ನು ಯಾವ ಲೇತಿನಲ್ಲೂ ಕಡೆಯಲಾಗದು.

ಅಂಥ ಕಾಯ್ದೆಗೆ ಮಾದರಿಯೊಂದು ಪೆರಂಬೂರಿನಿಂದ ಕೆಲವೇ ಕಿಲೋಮೀಟರ್ ದೂರದ ಎಗ್ಮೋರಿನಲ್ಲೇ ಇದೆ. 1954ರ ಪುಸ್ತಕ ರವಾನೆ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಅಲ್ಲಿನ ಕನ್ನೆಮರ ಸಾರ್ವಜನಿಕ ಗ್ರಂಥಾಲಯಕ್ಕೆ ಬರಬೇಕು. ಧಾರವಾಡದ ಪ್ರಕಾಶಕರು ಅಂಗಡಿ ಮುಚ್ಚಿದರೂ ಅವರ ಪುಸ್ತಕ ಅಲ್ಲಿ ಉಳಿಯುತ್ತದೆ. ಕಾರಿಗೂ ಇದೇ ನಿಯಮ ಮಾಡಬಹುದು. ಹೊಸ ಮಾದರಿಗೆ ಪರವಾನಗಿ ಕೇಳುವಾಗಲೇ ಅದರ ದುರಸ್ತಿ ಕೈಪಿಡಿ, ವೈರಿಂಗ್ ನಕ್ಷೆ, ದೋಷ ಸಂಕೇತಗಳ ಪಟ್ಟಿ, ಸರ್ವಿಸ್ ಸಾಫ್ಟ್‌ವೇರ್ ಇಷ್ಟನ್ನೂ ಸರ್ಕಾರದ ಸಂಸ್ಥೆಯೊಂದರಲ್ಲಿ ಠೇವಣಿ ಇಡಲಿ. ಕಂಪನಿ ವ್ಯಾಪಾರ ಮಾಡುತ್ತಿರುವವರೆಗೆ ಅದಕ್ಕೆ ನ್ಯಾಯವಾದ ಶುಲ್ಕ ಸಿಗಲಿ. ಅದು ಊರು ಬಿಟ್ಟ ದಿನ ಆ ಕಪಾಟು ಎಲ್ಲ ಗ್ಯಾರೇಜುಗಳಿಗೂ ತೆರೆಯಲಿ, ಜಾಕಿನ ಮೇಲೆ ಕಾರು ನಿಲ್ಲಿಸಿಕೊಂಡು ಕಾಯುತ್ತಿರುವ ಪೆರಂಬೂರಿನ ಗಲ್ಲಿಗೂ.