ಪ್ರಾಜೆಕ್ಟ್‌ಗೆ ಬಹುಮಾನ ಬಂತು, ಯಂತ್ರ ತೋಟಕ್ಕೆ ಬರಲಿಲ್ಲ

ಮೂಡಿಗೆರೆ: ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಪ್ರದರ್ಶನ ನಡೆದಾಗಲೆಲ್ಲ ಮಲೆನಾಡಿನ ಬೆಳೆಗಾರರ ಹೆಸರಿನಲ್ಲಿ ಕೆಲವು ಯಂತ್ರಗಳು ಮೇಜಿನ ಮೇಲೆ ಬಂದು ಕೂರುತ್ತವೆ. ಕಾಫಿ ಒಣಗಿಸುವ ಪೆಟ್ಟಿಗೆ, ಕಾಳುಮೆಣಸು ಬಿಡಿಸುವ ಸಾಧನ, ಕಾಡಾನೆ ಬಂದರೆ ಎಚ್ಚರಿಸುವ ಉಪಕರಣ. ತೀರ್ಪುಗಾರರು ಮೆಚ್ಚುತ್ತಾರೆ, ಪ್ರಮಾಣಪತ್ರ ಸಿಗುತ್ತದೆ, ಪತ್ರಿಕೆಯಲ್ಲಿ ಚಿತ್ರ ಅಚ್ಚಾಗುತ್ತದೆ. ಆದರೆ ಮೂಡಿಗೆರೆ, ಕಳಸದ ತೋಟಗಳಲ್ಲಿ ಅವು ಕಾಣಸಿಗುವುದು ಅಪರೂಪ. ಹಾಗಾದರೆ ಈ ಸ್ಪರ್ಧೆಗಳ ಫಲ ಯಾರಿಗೆ?

ವಿದ್ಯಾರ್ಥಿಗಳಿಗೆ ಫಲವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಕಾಗದದ ಮೇಲೆ ಸರಿಯಿದ್ದ ಮೋಟಾರು ಹೊರೆ ಬಿದ್ದೊಡನೆ ಬಿಸಿಯಾಗಿ ನಿಂತಾಗ, ತಪ್ಪು ವಿನ್ಯಾಸದ್ದೋ ಜೋಡಣೆಯದ್ದೋ ಎಂದು ತಂಡದೊಳಗೆ ವಾದ ಹುಟ್ಟಿದಾಗ, ಕೈಯಲ್ಲಿರುವ ಅಲ್ಪ ಹಣದಲ್ಲೇ ಬಿಡಿಭಾಗ ಹೊಂದಿಸಬೇಕಾದಾಗ ಕಲಿಯುವ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಇದಕ್ಕೆ ದೊಡ್ಡ ನಿದರ್ಶನ ಸ್ಟಡ್‌ಸ್ಯಾಟ್. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಮಹಾವಿದ್ಯಾಲಯದ ನೇತೃತ್ವದಲ್ಲಿ ಕರ್ನಾಟಕ ಹಾಗೂ ಅಂದಿನ ಅವಿಭಜಿತ ಆಂಧ್ರಪ್ರದೇಶದ ಏಳು ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ನಿರ್ಮಿಸಿದ, ಒಂದು ಕಿಲೋಗಿಂತ ಕಡಿಮೆ ತೂಕದ ಈ ಉಪಗ್ರಹ 2010ರ ಜುಲೈ 12ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್‌ನಲ್ಲಿ ಕಕ್ಷೆ ಸೇರಿತು. ಬಹುಮಾನವಲ್ಲ, ಉಡಾವಣೆಯೇ ಅಲ್ಲಿ ಗುರಿಯಾಗಿತ್ತು. ಕೆಲಸ ಒಂದು ಸೆಮಿಸ್ಟರಿಗೆ ಮುಗಿಯದೆ ವರ್ಷಗಟ್ಟಲೆ ಮುಂದುವರಿಯಿತು ಎಂಬುದನ್ನು ಗಮನಿಸಬೇಕು.

ಒಂದೇ ವರ್ಷದ ಆಯುಸ್ಸು

ಅವಕಾಶಗಳಿಗೆ ಕೊರತೆಯಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಲ್ಲಿ ಆರಂಭಿಸಿದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮದಡಿ ಆಯ್ದ ತಂಡಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ಸಿಗುತ್ತದೆ. ವಾಹನ ನಿರ್ಮಿಸುವವರಿಗೆ 2007ರಿಂದ ಬಾಜಾ ಸ್ಪರ್ಧೆಯಿದೆ. 2017ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಆರಂಭಿಸಿತು.

ಆದರೆ ಬಹುತೇಕ ಪ್ರಾಜೆಕ್ಟ್‌ಗಳ ಆಯುಸ್ಸು ಒಂದೇ ವರ್ಷ. ತಂಡ ಪದವಿ ಪಡೆದು ಹೊರಬಿದ್ದೊಡನೆ ಯಂತ್ರ ಪ್ರಯೋಗಾಲಯದ ಮೂಲೆ ಸೇರುತ್ತದೆ. ಮರುವರ್ಷದ ತಂಡ ಅದೇ ವಿಷಯವನ್ನು ಸೊನ್ನೆಯಿಂದ ಆರಂಭಿಸುತ್ತದೆ. ನಗರಗಳಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ಬೆಳೆದಿರುವುದಕ್ಕೂ ಇದೇ ಕಾರಣ. ಮುಂದೆ ಯಾರೂ ಬಳಸದ ಯಂತ್ರವನ್ನು ತಾವೇ ಏಕೆ ಕಟ್ಟಬೇಕು ಎಂದು ವಿದ್ಯಾರ್ಥಿಗೆ ಅನಿಸಿದರೆ ತಪ್ಪು ಅವನೊಬ್ಬನದಲ್ಲ.

ತೋಟದ ಲೆಕ್ಕವೇ ಬೇರೆ

ಕಾಫಿ ಸೀಮೆಯಲ್ಲಿ ಈ ಕೊರತೆ ಢಾಳಾಗಿ ಕಾಣುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ಪಲ್ಪರ್‌ನಿಂದ ಬಂದ ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುವವರೆಗೆ ಕಣದಲ್ಲಿ ಒಣಗಿಸಬೇಕು. ನಡುವೆ ಅಕಾಲಿಕ ಮಳೆ ಸುರಿದರೆ ಬಣ್ಣ, ರುಚಿ ಕೆಟ್ಟು ದರ ಕುಸಿಯುತ್ತದೆ. ಆಳುಗಳ ಕೊರತೆ ಬೇರೆ. ಒಣಗಿಸುವ ಯಂತ್ರದ ಅಗತ್ಯ ಇಲ್ಲಿ ನಿಜವಾದದ್ದೇ. ಆದರೆ ಪದವಿಯ ಕೊನೆಯ ಸೆಮಿಸ್ಟರ್ ನಡೆಯುವುದು ಸಾಮಾನ್ಯವಾಗಿ ವರ್ಷದ ಮೊದಲಾರ್ಧದಲ್ಲಿ. ಯಂತ್ರ ಸಿದ್ಧವಾಗುವ ಹೊತ್ತಿಗೆ ಗಿಡದಲ್ಲಿ ಹಣ್ಣಿರುವುದಿಲ್ಲ!

ಪ್ರದರ್ಶನದಲ್ಲಿ ಎರಡು ಕಿಲೋ ಒಣಗಿಸಿ ತೋರಿಸಿದ ಪೆಟ್ಟಿಗೆ ಕ್ವಿಂಟಲ್‌ಗಟ್ಟಲೆ ಕಾಫಿಯ ಎದುರು ಏನು ಮಾಡೀತು? ವಿದ್ಯುತ್ ಕಡಿತವಾದರೆ ಗತಿಯೇನು? ಮೊಬೈಲ್ ಸಂದೇಶ ಕಳಿಸುವ ಆನೆ ಎಚ್ಚರಿಕೆ ಉಪಕರಣ ಸಿಗ್ನಲ್ಲೇ ಸಿಗದ ಕಣಿವೆಯಲ್ಲಿ ಹೇಗೆ ಕೆಲಸ ಮಾಡೀತು? ಕೆಟ್ಟರೆ ಮೂಡಿಗೆರೆ ಪೇಟೆಯಲ್ಲೇ ರಿಪೇರಿ ಸಾಧ್ಯವೇ? ಅಂಕಪಟ್ಟಿಯಲ್ಲಿ ಈ ಪ್ರಶ್ನೆಗಳಿಗೆ ಜಾಗವಿಲ್ಲ.

ವಿಪರ್ಯಾಸವೆಂದರೆ ಬೇಕಾದ ಸಂಸ್ಥೆಗಳೆಲ್ಲ ಜಿಲ್ಲೆಯಲ್ಲೇ ಇವೆ. ಬಾಳೆಹೊನ್ನೂರು ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ, ಚಿಕ್ಕಮಗಳೂರಿನಲ್ಲಿ 1980ರಿಂದ ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜಿದೆ. ಬೆಳೆ ಬಲ್ಲವರು, ಯಂತ್ರ ಬಲ್ಲವರು ಒಂದೇ ತಂಡದಲ್ಲಿ ಕೂರಲು ದೂರದ ಅಡ್ಡಿಯಿಲ್ಲ.

ಆಗಬೇಕಾದದ್ದೇನು?

ಆರನೇ ಸೆಮಿಸ್ಟರಿನಲ್ಲೇ ವಿಷಯ ನಿಗದಿಯಾದರೆ ಏಳನೇ ಸೆಮಿಸ್ಟರಿನ ವೇಳೆಗೆ ಬರುವ ಕೊಯ್ಲಿನಲ್ಲಿ ಮೊದಲ ಮಾದರಿಯನ್ನು ಪರೀಕ್ಷಿಸಬಹುದು. ಹಿಂದಿನ ತಂಡದ ಯಂತ್ರವನ್ನು ಸುಧಾರಿಸುವ ತಂಡಕ್ಕೂ ಹೊಸದನ್ನು ಕಟ್ಟಿದವರಷ್ಟೇ ಅಂಕ ದೊರೆಯಬೇಕು. ಬಹುಮಾನದ ಒಂದು ಪಾಲನ್ನು ಯಂತ್ರ ಒಂದು ಹಂಗಾಮು ತೋಟದಲ್ಲಿ ದುಡಿದ ಬಳಿಕವೇ ನೀಡುವುದು ಸೂಕ್ತ. ವರ್ಷದ ಫಸಲನ್ನು ಪರೀಕ್ಷೆಗೆ ಒಡ್ಡಲು ಬೆಳೆಗಾರ ಹಿಂಜರಿಯುವುದು ಸಹಜ. ಆದ್ದರಿಂದ ಮೊದಲ ಪ್ರಯೋಗ ಸಂಶೋಧನಾ ಕೇಂದ್ರದ ತೋಟದಲ್ಲಿ ನಡೆಯಲಿ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ವೇಳಾಪಟ್ಟಿ ಮತ್ತು ಅಂಕ ನೀಡುವ ಕ್ರಮ ಬದಲಾದರೆ ಸಾಕು. ವಿಶ್ವವಿದ್ಯಾಲಯ ಹಾಗೂ ವಿಜ್ಞಾನ ಮಂಡಳಿ ಈ ನಿಟ್ಟಿನಲ್ಲಿ ಗಮನ ಹರಿಸಿದರೆ ವಿದ್ಯಾರ್ಥಿಯ ಶ್ರಮಕ್ಕೆ ಪ್ರಮಾಣಪತ್ರಕ್ಕಿಂತ ಹೆಚ್ಚಿನ ಬೆಲೆ ಬರುತ್ತದೆ, ಬೆಳೆಗಾರನಿಗೂ ಒಂದು ಆಸರೆ ಸಿಗುತ್ತದೆ.