ಮೈಕಿಗೆ ಬಾಡಿಗೆ, ಹಾಡು ಮಾತ್ರ ಬಿಟ್ಟಿಯೇ?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಹವ್ಯಾಸಿ ತಂಡ ಆಡಿದ ನಾಟಕವನ್ನು ವಾಚಕರು ಮರೆತಿರಲಾರರು. ಎರಡು ತಿಂಗಳ ತಾಲೀಮು. ಲೋಕಲ್ ಗಾಡಿಯಲ್ಲಿ ನಿಂತೇ ಮಾತು ಬಾಯಿಪಾಠ ಮಾಡಿದ ನಟರು. ಸಭಾಗೃಹ ತುಂಬ ಜನ. ಕೊನೆಯ ದೃಶ್ಯದಲ್ಲಿ ತಾಯಿ ಮಗನನ್ನು ಬೀಳ್ಕೊಡುವಾಗ ಹಿನ್ನೆಲೆಯಲ್ಲಿ ಹಳೆಯ ಚಿತ್ರವೊಂದರ ಹಾಡು ಕೇಳಿಬಂತು. ಕಣ್ಣೊರೆಸಿಕೊಳ್ಳದವರು ಕಡಿಮೆ. ಊರಿನಲ್ಲಿರುವ ಅಪ್ಪ, ಅವ್ವ, ಅತ್ತೆ, ಮಾವ ಎಲ್ಲರೂ ನೋಡಲಿ ಎಂದು ಮರುವಾರ ಅದರ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದೆವು. ನೋಡಿದರು. ಆದರೆ ಕೊನೆಯ ದೃಶ್ಯಕ್ಕೆ ಬರುತ್ತಲೇ ಸದ್ದೇ ಇಲ್ಲ! ಹಾಡಿನ ಹಕ್ಕುದಾರರ ಆಕ್ಷೇಪದ ಮೇರೆಗೆ ಆ ಭಾಗದ ಧ್ವನಿ ಅಡಗಿಹೋಗಿತ್ತು. ತಾಯಿಯ ಪಾತ್ರ ಮಾಡಿದ ನಮ್ಮ ಸದಸ್ಯೆಗೆ ಧಾರವಾಡದಿಂದ ಅವರ ಅವ್ವ ಫೋನು ಮಾಡಿ, "ಯಾಕವ್ವಾ, ನಿನ್ನ ಬಾಯಿ ಅಷ್ಟ ಆಡತದ, ಮಾತು ಕೇಳಸವಲ್ದು" ಎಂದರಂತೆ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮೂರು ಮಾತು ಕೇಳಿಬಂದವು. ಇದು ಕನ್ನಡದ ಮೇಲಿನ ದಬ್ಬಾಳಿಕೆ ಎಂಬುದು ಒಂದು. ನಮ್ಮದು ಸೇವೆ, ವ್ಯಾಪಾರವಲ್ಲ ಎಂಬುದು ಎರಡನೆಯದು. ನಾವು ಹಾಡು ಹಾಕಿದ್ದರಿಂದ ಅವರಿಗೇ ಪ್ರಚಾರ ಸಿಕ್ಕಿತು ಎಂಬುದು ಮೂರನೆಯದು. ಹಿರಿಯರು ಕ್ಷಮಿಸಬೇಕು, ಈ ಮೂರನ್ನೂ ನಾವು ಒಪ್ಪಲಾರೆವು.

ಸೇವೆಯ ಮಾತನ್ನೇ ತೆಗೆದುಕೊಳ್ಳೋಣ. ಆ ನಾಟಕದ ಲೆಕ್ಕಪತ್ರವನ್ನು ನಾವೇ ಬರೆದವರು. ಸಭಾಗೃಹದ ಬಾಡಿಗೆ, ಮೈಕು, ಬೆಳಕು, ಪ್ರಸಾಧನದವರ ಕೂಲಿ, ಶಾಲು, ಫಲತಾಂಬೂಲ, ಉಪಾಹಾರ, ಎಲ್ಲಕ್ಕೂ ರಸೀದಿ ಇದೆ. ಮಹಾರಾಷ್ಟ್ರದಲ್ಲಿ ನಾಟಕವಾಡಲು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕೆಂದು ಅದಕ್ಕೂ ಓಡಾಡಿದ್ದೇವೆ. ‘ಸಂಗೀತ’ ಎಂಬ ಬಾಬಿನ ಮುಂದೆ ಮಾತ್ರ ಸೊನ್ನೆ. ಮೈಕಿನವರಿಗೆ ಸೇವೆಯೆಂದು ಹೇಳಿ ಬಿಟ್ಟಿ ಮೈಕು ತರಲಿಲ್ಲ. ಇಡ್ಲಿಯವರಿಗೆ ಪ್ರಚಾರವಾಯಿತೆಂದು ಹೇಳಿ ಹಣ ಉಳಿಸಲಿಲ್ಲ. ಎದುರಿಗೆ ನಿಂತು ಕೇಳುವವರಿಗೆ ಕೊಟ್ಟೆವು, ಕಣ್ಣಿಗೆ ಕಾಣದ ಕವಿಗೂ ಗಾಯಕರಿಗೂ ಕೈ ಎತ್ತಿದೆವು. ಇದಕ್ಕೆ ಸೇವೆ ಎಂಬ ಹೆಸರು ಒಪ್ಪುವುದಿಲ್ಲ.

ನಾವು ಓದಿದ್ದು ವಿಜ್ಞಾನ, ಕಾಯಿದೆಯಲ್ಲ. ಆದರೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವರಿಗೆ, ವಾದಕ್ಕೆ ಮೊದಲು ನಿಯಮವನ್ನು ತೆರೆದು ಓದುವ ಅಭ್ಯಾಸ ಬಂದುಬಿಡುತ್ತದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆ ನಮ್ಮಂಥ ಸಂಘಗಳ ಮೇಲೆ ಹಗೆ ಸಾಧಿಸಿಲ್ಲ. ಲಾಭಕ್ಕಾಗಿ ನಡೆಯದ ಕ್ಲಬ್ಬು ಅಥವಾ ಅಂಥ ಸಂಸ್ಥೆ ತನ್ನ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆಯನ್ನು ಸಾರ್ವಜನಿಕವಾಗಿ ಕೇಳಿಸುವುದಕ್ಕೆ ಅದರ ೫೨ನೆಯ ಕಲಮು ವಿನಾಯಿತಿ ಕೊಟ್ಟಿದೆ. ಹವ್ಯಾಸಿ ತಂಡ ಹಣ ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ, ನಾಟಕವಾಡುವುದಕ್ಕೂ ಹಾಡುವುದಕ್ಕೂ ಅಲ್ಲಿ ವಿನಾಯಿತಿ ಉಂಟು.

ಇಷ್ಟನ್ನೇ ಓದಿ ಹಿಗ್ಗಬಾರದು. ನಾವು ೨೦೦ ರೂಪಾಯಿಯ ದೇಣಿಗೆ ಪಾಸು ಮಾರಿದ್ದೇವೆ. ‘ದೇಣಿಗೆ’ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ನಮ್ಮ ಪ್ರೇಕ್ಷಕರು ಹಣ ಕೊಡದವರಾಗುತ್ತಾರೆಯೇ? ಇನ್ನು, ನಾಟಕದ ವಿಡಿಯೊ ಮಾಡಿ ಲೋಕಕ್ಕೆಲ್ಲ ತೋರಿಸುವ ಮಾತು ಈ ವಿನಾಯಿತಿಗಳಲ್ಲಿ ಎಲ್ಲಿಯೂ ಇಲ್ಲ. ನಾವು ಎಡವಿದ್ದು ಅಲ್ಲಿಯೇ.

ದಾಸರ ಪದಕ್ಕೂ ಅನುಮತಿಯೇ ಎಂದು ಕೇಳಿದವರಿದ್ದಾರೆ. ಒಂದು ಹಾಡಿನಲ್ಲಿ ಸಾಹಿತ್ಯ, ಸ್ವರಸಂಯೋಜನೆ, ಧ್ವನಿಮುದ್ರಣ ಎಂದು ಮೂರು ಹಕ್ಕುಗಳಿವೆ. ಮೊದಲಿನ ಎರಡು, ಕರ್ತೃವಿನ ಜೀವಮಾನ ಮುಗಿದ ಮೇಲೆಯೂ ೬೦ ವರ್ಷ ನಿಲ್ಲುತ್ತವೆ. ಧ್ವನಿಮುದ್ರಿಕೆಯದು ಪ್ರಕಟವಾದ ಮರುವರ್ಷದಿಂದ ೬೦ ವರ್ಷ. ಪುರಂದರದಾಸರ ಪದ ಯಾರೊಬ್ಬರ ಸ್ವತ್ತೂ ಅಲ್ಲ. ಭೀಮಸೇನ ಜೋಶಿಯವರು ಹಾಡಿದ ದಾಸವಾಣಿಯ ಮುದ್ರಿಕೆಯದು ಬೇರೆ ಲೆಕ್ಕ. ಶಿಶುನಾಳ ಷರೀಫರು ತೀರಿಕೊಂಡದ್ದು ೧೮೮೯ರಲ್ಲಿ. ಅವರ ಪದಗಳಿಗೆ ಹೊಸ ಧಾಟಿ ಕೊಟ್ಟ ಸಿ. ಅಶ್ವತ್ಥ್ ತೀರಿಕೊಂಡದ್ದು ೨೦೦೯ರಲ್ಲಿ. ಬೇಂದ್ರೆಯವರು ೧೯೮೧ರಲ್ಲಿ ನಿಧನರಾದರು. ಅವರ ಕವಿತೆಗಳ ಹಕ್ಕು ೨೦೪೧ರ ಕೊನೆಯವರೆಗಾದರೂ ಇದೆ. ಇದು ನಮ್ಮ ಮಕ್ಕಳ ಗಣಿತಕ್ಕಿಂತ ಕಠಿಣವಾದ ಲೆಕ್ಕವಲ್ಲ.

ಚಿತ್ರಗೀತೆ ಬರೆದವರಿಗೂ ಸ್ವರ ಹಾಕಿದವರಿಗೂ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ಗೌರವಧನದಲ್ಲಿ ಸಮಪಾಲು ಸಲ್ಲಬೇಕೆಂದು ೨೦೧೨ರಲ್ಲಿ ಕಾಯಿದೆ ತಿದ್ದಲ್ಪಟ್ಟಿತು. ಅದಕ್ಕೆ ಮೊದಲು ಒಮ್ಮೆ ಬರೆದುಕೊಟ್ಟು ಕೈತೊಳೆದುಕೊಂಡವರೇ ಹೆಚ್ಚು. ಆದ್ದರಿಂದ ಹಣವೆಲ್ಲ ಕಂಪನಿಗೇ ಹೋಗುತ್ತದೆ ಎಂಬ ನೆಪವೂ ಈಗ ಪೂರ್ತಿ ನಿಲ್ಲುವುದಿಲ್ಲ.

ಇನ್ನೊಂದು ಪಕ್ಷಕ್ಕೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ವಿಡಿಯೊ ಮೂಕವಾದ ಮೇಲೆ ನಾವು ಹಕ್ಕುದಾರ ಕಂಪನಿಗೆ ಎರಡು ಪತ್ರ ಬರೆದೆವು, ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಅರ್ಜಿ ನಮೂನೆ ಹೋಟೆಲಿನವರಿಗಾಗಿ ಮಾಡಿದ್ದು. ‘ಕೋಣೆಗಳ ಸಂಖ್ಯೆ’ ಎಂಬಲ್ಲಿ ಏನು ತುಂಬಬೇಕೆಂದು ಈಗಲೂ ತಿಳಿಯದು. ಸಾಹಿತ್ಯ, ಸಂಗೀತದ ಹಕ್ಕಿಗೆ ಒಂದು ಸಂಸ್ಥೆ, ಧ್ವನಿಮುದ್ರಿಕೆಗೆ ಇನ್ನೊಂದು, ವಿಡಿಯೊಗೆ ನೇರ ಕಂಪನಿ ಎಂದು ಅಲೆಯುವಷ್ಟು ರಜೆ ನಮ್ಮಂಥ ನೌಕರರಿಗೆ ಇಲ್ಲ. ಅನುಮತಿ ಕೇಳುವವರಿಗೆ ಬಾಗಿಲು ಮುಚ್ಚಿ, ಕೇಳದವರನ್ನು ಹಿಡಿಯುವುದು ಸಭ್ಯತನವಲ್ಲ. ಹವ್ಯಾಸಿ ತಂಡಗಳಿಗೆ ಒಂದು ಪುಟದ ಅರ್ಜಿ, ಒಂದು ಸಣ್ಣ ನಿಗದಿತ ದರ, ಇಂತಿಷ್ಟು ದಿನದಲ್ಲಿ ಉತ್ತರ: ಇಷ್ಟನ್ನು ಹೊರನಾಡ ಕನ್ನಡ ಸಂಘಗಳೆಲ್ಲ ಒಟ್ಟಾಗಿ ಕೇಳಬೇಕು. ಬಿಟ್ಟಿ ಬಾಜಿಸಿದವರ ಬಾಯಿಗೆ ಮಾತ್ರ ಆ ಬೇಡಿಕೆ ಒಪ್ಪುವುದಿಲ್ಲ.

ಅಷ್ಟಕ್ಕೂ ಮುದ್ರಿಕೆಯೇ ಏಕೆ ಬೇಕು? ಗುಬ್ಬಿ ವೀರಣ್ಣನವರ ಕಂಪನಿಗೆ ಹಾರ್ಮೋನಿಯಂ, ತಬಲಾ ಸಾಕಾಗಿತ್ತು. ಬಿ. ವಿ. ಕಾರಂತರು ಕೈಗೆ ಸಿಕ್ಕ ವಸ್ತುವಿನಿಂದಲೇ ನಾದ ಹೊರಡಿಸಿದವರು. ನಮ್ಮ ಸದಸ್ಯರ ಮಕ್ಕಳಲ್ಲಿ ತಬಲಾ ಕಲಿಯುವವರು ನಾಲ್ವರು, ಕೊಳಲು ಕಲಿಯುವವನು ಒಬ್ಬ. ವೇದಿಕೆಯ ಹಿಂದೆ ಇವರನ್ನು ಕೂರಿಸಿ, ಷರೀಫರ ಪದಕ್ಕೆ ನಮ್ಮದೇ ಧಾಟಿ ಕಟ್ಟಿದರೆ ಯಾರನ್ನೂ ಕೇಳಬೇಕಾಗಿಲ್ಲ. ಕನ್ನಡ ಓದಲು ಬಾರದ ಆ ಮಕ್ಕಳು ಕನ್ನಡ ಹಾಡಲಾದರೂ ಕಲಿತಾರು.

ಬರುವ ಮಹಾಸಭೆಯಲ್ಲಿ ನಾವು ಮೂರು ಸೂಚನೆ ಮಂಡಿಸಲಿದ್ದೇವೆ. ಪ್ರತಿ ನಾಟಕದ ಅಂದಾಜುಪಟ್ಟಿಯಲ್ಲಿ ಸಂಗೀತದ ಅನುಮತಿಗೆ ಒಂದು ಬಾಬು ಇರಬೇಕು. ಪ್ರಯೋಗಕ್ಕೆ ಮೂರು ತಿಂಗಳ ಮೊದಲೇ ಪತ್ರ ಬರೆಯಲು ಒಬ್ಬ ಸದಸ್ಯರನ್ನು ನೇಮಿಸಬೇಕು. ಅನುಮತಿ ಬಾರದ ಮುದ್ರಿಕೆಯನ್ನು ಬಳಸಕೂಡದು. ವಿರೋಧಿಸುವವರು ಧಾರಾಳವಾಗಿ ವಿರೋಧಿಸಲಿ. ಆದರೆ ಬರುವಾಗ ಕಳೆದ ವರ್ಷದ ಲೆಕ್ಕಪತ್ರವನ್ನು ಒಮ್ಮೆ ನೋಡಿಕೊಂಡು ಬರಲಿ. ಶಾಲಿಗೆ ನಾವು ಕೊಟ್ಟ ಹಣ ಎಷ್ಟು, ಹಾಡಿಗೆ ಕೊಟ್ಟದ್ದು ಎಷ್ಟು ಎಂಬುದು ಅದರಲ್ಲಿಯೇ ಇದೆ.